ಹಸ್ತಿತಾಪಸರ ವಾದ ಮತ್ತು ಅಭಯಾರಣ್ಯದ ವಧೆ

ಶ್ವೇತಾಂಬರ ಆಗಮಗಳಲ್ಲಿ ಒಂದಾದ ಸೂತ್ರಕೃತಾಂಗದಲ್ಲಿ ಆರ್ದ್ರಕನೆಂಬ ಸಾಧಕನ ಪ್ರಸಂಗವೊಂದಿದೆ. ಭಗವಾನ್ ಮಹಾವೀರರ ಸನ್ನಿಧಿಗೆ ಹೊರಟ ಆತನನ್ನು ಅನ್ಯಮತಗಳವರು ಒಬ್ಬರಾದ ಮೇಲೊಬ್ಬರು ವಾದಕ್ಕೆ ಕರೆಯುತ್ತಾರೆ. ಅವರಲ್ಲಿ ಹಸ್ತಿತಾಪಸರೆಂಬವರೂ ಸೇರಿದ್ದಾರೆ. ವರ್ಷಕ್ಕೆ ಒಂದೇ ಒಂದು ಆನೆಯನ್ನು ಕೊಂದು, ಅದರ ಮಾಂಸದಿಂದಲೇ ವರ್ಷವಿಡೀ ಜೀವಿಸುವುದು ಅವರ ವ್ರತ. ಉಳಿದ ಅಸಂಖ್ಯ ಜೀವಿಗಳ ಮೇಲಿನ ದಯೆಯಿಂದಲೇ ತಾವು ಹೀಗೆ ನಡೆದುಕೊಳ್ಳುತ್ತಿರುವುದಾಗಿ ಅವರು ಹೇಳುತ್ತಾರೆ. ಆರ್ದ್ರಕನ ಉತ್ತರ ನೇರವಾದುದು. ವರ್ಷಕ್ಕೆ ಒಂದು ಪ್ರಾಣಿಯನ್ನು ಕೊಂದವನೂ ಹಿಂಸೆಯ ದೋಷದಿಂದ ಮುಕ್ತನಲ್ಲ. ಉಳಿದವುಗಳನ್ನು ಕೊಲ್ಲಲಿಲ್ಲವೆಂಬ ಕಾರಣಕ್ಕೇ ನಿರ್ದೋಷಿಯಾಗುವುದಾದರೆ ಪ್ರತಿಯೊಬ್ಬ ಗೃಹಸ್ಥನೂ ತನ್ನನ್ನು ನಿರ್ದೋಷಿಯೆಂದೇ ಕರೆದುಕೊಳ್ಳಬಹುದು.

ಸಾವಿರಾರು ವರ್ಷಗಳ ಹಿಂದಿನ ಈ ವಾದ ಮುಗಿದುಹೋದ ವಾದವಲ್ಲ. ವನ್ಯಜೀವಿಗಳ ರಕ್ಷಣೆಗೆಂದೇ ಮೀಸಲಿಟ್ಟ ಅರಣ್ಯಗಳಲ್ಲಿ ಆನೆಯಂತಹ ಬೃಹತ್ ಪ್ರಾಣಿಗಳ ಸಂಖ್ಯೆ ಮಿತಿಮೀರಿತೆಂದು ತೀರ್ಮಾನಿಸಿ, ಸರ್ಕಾರವೇ ಅವುಗಳನ್ನು ಕೊಲ್ಲಿಸುವ ಪದ್ಧತಿ ಇಪ್ಪತ್ತನೆಯ ಶತಮಾನದಲ್ಲಿ ಬೆಳೆಯಿತು. ‘ಕಲ್ಲಿಂಗ್’ ಎಂದು ಕರೆಯಲಾಗುವ ಈ ನಿಯಂತ್ರಿತ ವಧೆಯನ್ನು ಸಮರ್ಥಿಸುವವರು ಕ್ರೂರಿಗಳಲ್ಲ. ಅವರಲ್ಲಿ ಹಲವರು ಅರಣ್ಯಕ್ಕಾಗಿ ಆಯುಷ್ಯವನ್ನೇ ಸವೆಸಿದವರು. ಅವರ ಮುಖ್ಯ ವಾದವೂ ಹಸ್ತಿತಾಪಸರ ವಾದವೇ ಆಗಿದೆ: ಕೆಲವನ್ನು ಕೊಂದು ಹಲವನ್ನು ಉಳಿಸುವುದು. ಆದ್ದರಿಂದ ಈ ವಾದವನ್ನು ಜೈನ ನೀತಿವಿಚಾರದ ಒರೆಗಲ್ಲಿಗೆ ಹಚ್ಚಿ ನೋಡುವುದು ಉಚಿತವಾಗಿದೆ.

ಕ್ರೂಗರ್‌ನ ಇಪ್ಪತ್ತೇಳು ವರ್ಷಗಳು

ಈ ಚರ್ಚೆಗೆ ಅತ್ಯಂತ ಸ್ಪಷ್ಟವಾದ ನಿದರ್ಶನ ದಕ್ಷಿಣ ಆಫ್ರಿಕದ ಕ್ರೂಗರ್ ರಾಷ್ಟ್ರೀಯ ಉದ್ಯಾನ. 1926ರಲ್ಲಿ ಸ್ಥಾಪಿತವಾದ ಇದರ ವಿಸ್ತಾರ ಸುಮಾರು 19,500 ಚದರ ಕಿಲೋಮೀಟರ್. ದಂತದ ಬೇಟೆಯಿಂದ ಬಹುಮಟ್ಟಿಗೆ ಬರಿದಾಗಿದ್ದ ಈ ಪ್ರದೇಶದಲ್ಲಿ ರಕ್ಷಣೆ ದೊರೆತ ಬಳಿಕ ಆನೆಗಳು ಮತ್ತೆ ಹೆಚ್ಚಿದವು. 1960ರ ದಶಕದ ವೇಳೆಗೆ ಮರಗಳು ನಾಶವಾಗುತ್ತಿವೆಯೆಂಬ ಆತಂಕ ಅಧಿಕಾರಿಗಳಲ್ಲಿ ಮೂಡಿತು. ಸುಮಾರು 7,000 ಆನೆಗಳು, ಅಂದರೆ ಚದರ ಮೈಲಿಗೆ ಹೆಚ್ಚುಕಡಿಮೆ ಒಂದು ಆನೆ ಎಂಬ ಮಿತಿ ನಿಗದಿಯಾಯಿತು. 1967ರಿಂದ 1994ರವರೆಗೆ, ಈ ಮಿತಿಯನ್ನು ಕಾಯ್ದುಕೊಳ್ಳಲು 14,000ಕ್ಕೂ ಹೆಚ್ಚು ಆನೆಗಳನ್ನು ಕೊಲ್ಲಲಾಯಿತು.

ವಧೆಯ ವಿಧಾನವನ್ನೂ ತಿಳಿಯಬೇಕು. ಹೆಲಿಕಾಪ್ಟರಿನಿಂದ ಹಿಂಡನ್ನು ಒಂದೆಡೆಗೆ ಅಟ್ಟಿ, ಮೇಲಿನಿಂದಲೇ ಔಷಧಿಯ ಬಾಣಗಳನ್ನು ಹೊಡೆಯುತ್ತಿದ್ದರು. ಬಹುಕಾಲ ಬಳಕೆಯಲ್ಲಿದ್ದ ‘ಸ್ಕೋಲೀನ್’ ಎಂಬ ಔಷಧಿ ಸ್ನಾಯುಗಳನ್ನು ಸ್ತಬ್ಧಗೊಳಿಸುತ್ತದೆಯೇ ಹೊರತು ಪ್ರಜ್ಞೆಯನ್ನು ತಪ್ಪಿಸುವುದಿಲ್ಲ. ಕೆಳಗೆ ಬಿದ್ದ ಆನೆ ಎಚ್ಚರವಾಗಿದ್ದುಕೊಂಡೇ ಉಸಿರುಗಟ್ಟುತ್ತಿತ್ತು; ನೆಲದ ಮೇಲಿನ ತಂಡ ಬಂದು ಗುಂಡು ಹಾರಿಸುವವರೆಗೂ ಅದರ ಯಾತನೆ ಮುಂದುವರಿಯುತ್ತಿತ್ತು. ಈ ಕಾರಣದಿಂದಲೇ ಆ ಔಷಧಿಯನ್ನು ಮುಂದೆ ಕೈಬಿಡಲಾಯಿತು. ಮಾಂಸ ಮತ್ತು ಚರ್ಮಗಳನ್ನು ಸ್ಕುಕುಜಾ ಎಂಬಲ್ಲಿನ ಉದ್ಯಾನದ ಸ್ವಂತ ಸಂಸ್ಕರಣಾ ಘಟಕದಲ್ಲಿ ಸಿದ್ಧಪಡಿಸಲಾಗುತ್ತಿತ್ತು. ರಕ್ಷಣೆಯ ಹೆಸರಿನ ಆವರಣದಲ್ಲಿಯೇ ಕಸಾಯಿಖಾನೆಯೂ ಇತ್ತು.

1995ರಲ್ಲಿ, ಜನಾಭಿಪ್ರಾಯದ ಒತ್ತಡದಿಂದ, ಈ ಪದ್ಧತಿಗೆ ತಡೆ ಬಿದ್ದಿತು. 2008ರ ಮೇ 1ರಂದು ಜಾರಿಗೆ ಬಂದ ದಕ್ಷಿಣ ಆಫ್ರಿಕದ ಹೊಸ ನಿಯಮಾವಳಿ ವಧೆಯನ್ನು ನಿಷೇಧಿಸಲಿಲ್ಲ. ಉಳಿದ ಮಾರ್ಗಗಳೆಲ್ಲ ವಿಫಲವಾದಾಗ ಅನುಸರಿಸಬಹುದಾದ ಕೊನೆಯ ಉಪಾಯವೆಂದು ಅದನ್ನು ಉಳಿಸಿಕೊಂಡಿತು. ಆಫ್ರಿಕದ ಬೇರೆಡೆಗಳಲ್ಲಿ ವಿವಾದ ತಣ್ಣಗಾಗಿಲ್ಲ. 2024ರ ಬರಗಾಲದಲ್ಲಿ ನಮೀಬಿಯಾ ಸರ್ಕಾರವು 83 ಆನೆಗಳೂ ಸೇರಿದಂತೆ 723 ವನ್ಯಪ್ರಾಣಿಗಳನ್ನು ಕೊಂದು, ಹಸಿದ ಜನರಿಗೆ ಮಾಂಸ ಹಂಚುವ ಯೋಜನೆಯನ್ನು ಪ್ರಕಟಿಸಿತು. ಅದೇ ವರ್ಷ ಜಿಂಬಾಬ್ವೆ 200 ಆನೆಗಳ ವಧೆಗೆ ಮುಂದಾಯಿತು.

ಪೂರ್ವಪಕ್ಷ

ಅನೇಕಾಂತದ ಶಿಸ್ತು ಎದುರಾಳಿಯ ವಾದವನ್ನು ಅದರ ಪೂರ್ಣ ಬಲದೊಂದಿಗೆ ಮುಂದಿಡಬೇಕೆಂದು ಬಯಸುತ್ತದೆ. ವಧೆಯನ್ನು ಸಮರ್ಥಿಸುವವರು ಹೇಳುವುದು ಹೀಗಿದೆ. ಆನೆ ದಿನವೊಂದಕ್ಕೆ ನೂರು ಕಿಲೋಗ್ರಾಮಿಗೂ ಮೀರಿ ಮೇವು ತಿನ್ನುವ ಪ್ರಾಣಿ. ಅದು ಮರಗಳ ತೊಗಟೆ ಸುಲಿಯುತ್ತದೆ, ಕೊಂಬೆ ಮುರಿಯುತ್ತದೆ, ಮರವನ್ನೇ ಉರುಳಿಸುತ್ತದೆ. ಆನೆಗಳ ಸಾಂದ್ರತೆ ಹೆಚ್ಚಿದಲ್ಲಿ ಮರೂಲಾ, ಬಾವೋಬಾಬ್‌ನಂತಹ ಹೆಮ್ಮರಗಳು ಕ್ಷೀಣಿಸುತ್ತವೆ. ಅವುಗಳನ್ನು ನೆಚ್ಚಿದ ರಣಹದ್ದುಗಳು, ಹಕ್ಕಿಗಳು, ಕೀಟಗಳು ನೆಲೆ ಕಳೆದುಕೊಳ್ಳುತ್ತವೆ. ಒಂದು ಪ್ರಾಣಿಯ ಹೆಚ್ಚಳದಿಂದ ನೂರು ಜೀವಜಾತಿಗಳಿಗೆ ಕುತ್ತು ಬರುವುದಾದರೆ, ಕೈಕಟ್ಟಿ ಕುಳಿತವನೂ ಆ ನಾಶದಲ್ಲಿ ಪಾಲುದಾರನಲ್ಲವೆ?

ಎರಡನೆಯ ವಾದ ಕರುಣೆಯದು. ಇಂದು ಕೊಲ್ಲದಿದ್ದರೆ ನಾಳೆ ಅವು ಹಸಿವಿನಿಂದ ಸಾಯುತ್ತವೆ. ಗುಂಡಿನ ಸಾವು ಕ್ಷಣದ್ದು, ಹಸಿವಿನ ಸಾವು ತಿಂಗಳುಗಳದ್ದು. ಇದಕ್ಕೆ ಕೀನ್ಯಾದ ಸಾವೋ ಉದ್ಯಾನವನ್ನು ಉದಾಹರಿಸುತ್ತಾರೆ. 1960ರ ದಶಕದ ಕೊನೆಯಲ್ಲಿ ಅಲ್ಲಿ ಸಾವಿರಾರು ಆನೆಗಳ ವಧೆಯಾಗಬೇಕೆಂದು ವಿಜ್ಞಾನಿ ರಿಚರ್ಡ್ ಲಾಸ್ ವಾದಿಸಿದರು. ಉದ್ಯಾನದ ಮುಖ್ಯಸ್ಥ ಡೇವಿಡ್ ಶೆಲ್ಡ್ರಿಕ್ ವಿರೋಧಿಸಿದರು. ವಧೆ ನಡೆಯಲಿಲ್ಲ. 1970-71ರ ಬರಗಾಲದಲ್ಲಿ ಸುಮಾರು 6,000 ಆನೆಗಳು, ಅವುಗಳಲ್ಲಿ ಹೆಚ್ಚಾಗಿ ಹೆಣ್ಣಾನೆಗಳು ಮತ್ತು ಮರಿಗಳು, ಮೇವಿಲ್ಲದೆ ಸತ್ತವು.

ಮೂರನೆಯದು ಮನುಷ್ಯನ ಹಸಿವು. ಬೆಳೆ ಕಳೆದುಕೊಂಡ ರೈತನಿಗೆ, ಬರಗಾಲದಲ್ಲಿ ನರಳುವ ಬಡವನಿಗೆ, ದೂರದ ನಗರದ ಪ್ರಾಣಿಪ್ರಿಯರ ಉಪದೇಶ ಅನ್ನವಾಗದು. ಈ ಮೂರೂ ವಾದಗಳು ಲಘುವಾದವುಗಳಲ್ಲ.

ಅಮೃತಚಂದ್ರರ ಉತ್ತರ

ಹತ್ತನೆಯ ಶತಮಾನದ ದಿಗಂಬರ ಆಚಾರ್ಯ ಅಮೃತಚಂದ್ರಸೂರಿಗಳು ತಮ್ಮ ಪುರುಷಾರ್ಥಸಿದ್ಧ್ಯುಪಾಯದಲ್ಲಿ ಹಿಂಸೆಗೆ ನೆಪವಾಗುವ ವಾದಗಳನ್ನು ಒಂದೊಂದಾಗಿ ಎತ್ತಿಕೊಂಡು ನಿರಾಕರಿಸಿದ್ದಾರೆ. ಆ ಪಟ್ಟಿಯನ್ನು ಈ ವಿವಾದದ ಪಕ್ಕದಲ್ಲಿಟ್ಟು ಓದಿದರೆ ಆಶ್ಚರ್ಯವಾಗುತ್ತದೆ. ಅನೇಕ ಸಣ್ಣ ಜೀವಿಗಳನ್ನು ಕೊಂದು ಪಡೆದ ಆಹಾರಕ್ಕಿಂತ ಒಂದು ದೊಡ್ಡ ಪ್ರಾಣಿಯನ್ನು ಕೊಂದು ಪಡೆದ ಆಹಾರ ಮೇಲೆಂದು ಭಾವಿಸಬಾರದು. ಒಂದನ್ನು ಕೊಂದರೆ ಹಲವಕ್ಕೆ ರಕ್ಷಣೆಯೆಂದು ತಿಳಿದು ಹಿಂಸ್ರಪ್ರಾಣಿಗಳನ್ನೂ ಕೊಲ್ಲಬಾರದು. ಬಹುದುಃಖದಲ್ಲಿರುವ ಜೀವಿಯನ್ನು ಕೊಂದರೆ ಬೇಗನೆ ದುಃಖದಿಂದ ಬಿಡುಗಡೆಯಾಗುತ್ತದೆಂಬ ಭ್ರಮೆಯಿಂದಲೂ ಕೊಲ್ಲಬಾರದು. ಇದು ಅವರ ನಿರ್ಣಯಗಳ ಸಾರ. ನಮೀಬಿಯಾದ ಮಾಂಸ ಹಂಚಿಕೆ, ಕ್ರೂಗರ್‌ನ ಜೀವವೈವಿಧ್ಯದ ವಾದ, ಸಾವೋದ ಕರುಣೆಯ ವಾದ ಈ ಮೂರಕ್ಕೂ ಆಚಾರ್ಯರು ಸಾವಿರ ವರ್ಷ ಮೊದಲೇ ಉತ್ತರ ಬರೆದಿಟ್ಟಂತಿದೆ.

ಆದರೆ ನಿರ್ಣಯವನ್ನು ಉದ್ಧರಿಸುವುದರಿಂದಲೇ ವಿಮರ್ಶೆ ಮುಗಿಯುವುದಿಲ್ಲ; ಅದರ ಹಿಂದಿನ ಯುಕ್ತಿಯನ್ನು ತಿಳಿಯಬೇಕು. ಜೈನ ಸಿದ್ಧಾಂತದಲ್ಲಿ ಪ್ರತಿಯೊಂದು ಜೀವವೂ ಸ್ವತಂತ್ರ ದ್ರವ್ಯ. ತನ್ನ ಕರ್ಮದ ಫಲವನ್ನು ತಾನೇ ಉಣ್ಣುವ, ತನ್ನ ಉನ್ನತಿಯನ್ನು ತಾನೇ ಸಾಧಿಸುವ ಸಾಮರ್ಥ್ಯವುಳ್ಳದ್ದು. ಅದನ್ನು ಒಂದು ಮೊತ್ತದ ಅಂಶವೆಂದು ಎಣಿಸಿ, ಕೂಡಿಸಿ ಕಳೆಯಲು ಬರುವುದಿಲ್ಲ. ಪಾರ್ಶ್ವನಾಥ ತೀರ್ಥಂಕರರ ಜೀವವು ಹಿಂದಿನ ಒಂದು ಭವದಲ್ಲಿ ವಜ್ರಘೋಷವೆಂಬ ಆನೆಯಾಗಿದ್ದು, ಅರವಿಂದ ಮುನಿಗಳ ಉಪದೇಶದಿಂದ ಶ್ರಾವಕವ್ರತಗಳನ್ನು ಧರಿಸಿತೆಂದು ಪುರಾಣ ಹೇಳುತ್ತದೆ. ಜ್ಞಾತೃಧರ್ಮಕಥಾದಲ್ಲಿ ಮೇಘಕುಮಾರನ ಜೀವವು ಆನೆಯಾಗಿದ್ದಾಗ, ಕಾಡುಗಿಚ್ಚಿನ ನಡುವೆ ತನ್ನ ಕಾಲಡಿಗೆ ಬಂದು ನಿಂತ ಮೊಲಕ್ಕಾಗಿ ಎತ್ತಿದ ಕಾಲನ್ನು ಇಳಿಸದೆ ಎರಡೂವರೆ ದಿನ ನಿಂತಿತು. ಆ ಸಂಕಟದ ಮಂಡಲದಲ್ಲಿ ಇಕ್ಕಟ್ಟಾಗಿ ಸೇರಿದ್ದ ಪ್ರಾಣಿಗಳೆಷ್ಟು, ಜಾಗವೆಷ್ಟು ಎಂಬ ಲೆಕ್ಕವನ್ನು ಆ ಆನೆ ಹಾಕಲಿಲ್ಲ.

ಇಂತಹ ಕಥೆಗಳು ಭಕ್ತರಿಗೆ ಮಾತ್ರ ಎಂದು ಆಕ್ಷೇಪಿಸುವವರಿಗೆ ವಿಜ್ಞಾನವೇ ಬೇರೊಂದು ದಾರಿಯಲ್ಲಿ ಉತ್ತರ ಕೊಟ್ಟಿದೆ. ಕ್ರೂಗರ್‌ನ ವಧೆಯಲ್ಲಿ ಉಳಿಸಿಕೊಂಡ ಅನಾಥ ಮರಿಗಳನ್ನು 1980ರ ದಶಕದಲ್ಲಿ ಪಿಲಾನ್ಸ್‌ಬರ್ಗ್ ಎಂಬ ಬೇರೊಂದು ಉದ್ಯಾನಕ್ಕೆ ಸಾಗಿಸಲಾಗಿತ್ತು. ಹಿರಿಯರಿಲ್ಲದೆ ಬೆಳೆದ ಆ ಗಂಡಾನೆಗಳು ಹರೆಯಕ್ಕೆ ಬರುತ್ತಿದ್ದಂತೆ ಅಕಾಲದಲ್ಲಿ ಮದವೇರಿ, 1992ರಿಂದ 1997ರ ಅವಧಿಯಲ್ಲಿ 40ಕ್ಕೂ ಹೆಚ್ಚು ಬಿಳಿ ಖಡ್ಗಮೃಗಗಳನ್ನು ಕೊಂದವು. 1998ರಲ್ಲಿ ಆರು ಪ್ರೌಢ ಗಂಡಾನೆಗಳನ್ನು ತಂದು ಬಿಟ್ಟ ಬಳಿಕ ಎಳೆಯವುಗಳ ಮದ ಇಳಿಯಿತು. ಖಡ್ಗಮೃಗಗಳ ಸಾವು ನಿಂತಿತು. ಅದೇ ಪಿಲಾನ್ಸ್‌ಬರ್ಗ್‌ನ ಆನೆಗಳನ್ನು ಕೀನ್ಯಾದ ಅಂಬೋಸೆಲಿಯ ಅಖಂಡ ಕುಟುಂಬಗಳೊಡನೆ ಹೋಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವು, ಪರಿಚಿತರ ಮತ್ತು ಅಪರಿಚಿತರ ಕೂಗನ್ನು ಬೇರ್ಪಡಿಸಿ ಗುರುತಿಸುವ ವಿವೇಕವೇ ಅವುಗಳಲ್ಲಿ ಕುಂದಿತ್ತೆಂದು ತೋರಿಸಿತು. ವಧೆ ನಡೆದು ದಶಕಗಳಾದ ಮೇಲೂ ಗಾಯ ಉಳಿದಿತ್ತು.

‘ಹೆಚ್ಚುವರಿ’ ಎಂದು ತೆಗೆದುಹಾಕಿದ್ದು ಅಂಕಿಗಳನ್ನಲ್ಲ. ಅಜ್ಜಿಯರನ್ನು, ತಾಯಂದಿರನ್ನು, ಬರಗಾಲದಲ್ಲಿ ನೀರೆಲ್ಲಿದೆಯೆಂದು ಬಲ್ಲ ಹಿರಿಯರನ್ನು. ಕೆಲವನ್ನು ಕೊಂದು ಹಲವನ್ನು ಉಳಿಸುವ ಲೆಕ್ಕದಲ್ಲಿ ಆ ಖಡ್ಗಮೃಗಗಳನ್ನು ಯಾರೂ ಸೇರಿಸಿರಲಿಲ್ಲ. ಆಫ್ರಿಕದ ರೊಡೇಶಿಯಾದಲ್ಲಿ ತರುಣ ಜೀವವಿಜ್ಞಾನಿಯಾಗಿದ್ದ ಅಲನ್ ಸೇವರಿ ಹುಲ್ಲುಗಾವಲು ಉಳಿಸಲು ಆನೆಗಳ ವಧೆಯನ್ನು ಶಿಫಾರಸು ಮಾಡಿದ್ದರು. ಅವರೇ ಹೇಳಿರುವಂತೆ 40,000 ಆನೆಗಳು ಸತ್ತವು, ನೆಲದ ಸ್ಥಿತಿ ಸುಧಾರಿಸುವ ಬದಲು ಹದಗೆಟ್ಟಿತು. ತಮ್ಮ ಜೀವನದ ಅತಿ ದೊಡ್ಡ ಪ್ರಮಾದ ಅದೆಂದು ಅವರು 2013ರಲ್ಲಿ ಸಾರ್ವಜನಿಕವಾಗಿ ಪರಿತಪಿಸಿದರು. ಸತ್ತ ಜೀವಕ್ಕೆ ಆ ಪರಿತಾಪ ತಲಪುವುದಿಲ್ಲ. ತಿಳಿವಳಿಕೆ ಅಪೂರ್ಣವಾಗಿರುವ ಮನುಷ್ಯನು ಹಿಂದೆಗೆಯಲಾಗದ ಕಾರ್ಯವನ್ನು ಮಾಡಬಾರದೆಂಬುದಕ್ಕೆ ಸ್ಯಾದ್ವಾದದ ನೆಲೆಯಿಂದಲೂ ಬಲವಾದ ಆಧಾರವಿದೆ.

ಬೇಲಿ ಮತ್ತು ಬಾವಿ

ಇಷ್ಟಾದರೂ ವಧೆಯ ವಿರೋಧಿಗಳು ನಿರ್ದೋಷಿಗಳೆಂದು ಹೇಳಲಾಗದು. ಹಾಲೆಂಡಿನ ಓಸ್ಟ್‌ಫಾರ್ಡರ್ಸ್‌ಪ್ಲಾಸೆನ್ ಎಂಬ ಸುಮಾರು 5,600 ಹೆಕ್ಟೇರ್ ವಿಸ್ತಾರದ ಮೀಸಲು ಪ್ರದೇಶದಲ್ಲಿ ಕಾಡುತಳಿಯ ದನ, ಕುದುರೆ, ಕೆಂಪು ಜಿಂಕೆಗಳನ್ನು ಬಿಟ್ಟು, ಪ್ರಕೃತಿ ತನ್ನ ಪಾಡಿಗೆ ತಾನು ನಡೆಯಲೆಂದು ಬೇಲಿ ಹಾಕಲಾಗಿತ್ತು. 2017-18ರ ಚಳಿಗಾಲದಲ್ಲಿ ಅಲ್ಲಿ 3,000ಕ್ಕೂ ಹೆಚ್ಚು ಪ್ರಾಣಿಗಳು ಸತ್ತವು. ಅವುಗಳಲ್ಲಿ ಬಹುಪಾಲು, ಹಸಿವಿನಿಂದ ಬದುಕುವ ಆಸೆ ಇಲ್ಲವೆಂದು ಕಂಡು ಕಾವಲುಗಾರರೇ ಗುಂಡಿಟ್ಟವು. ಬೇಲಿಯೊಳಗೆ ಕೂಡಿಹಾಕಿ, ವಲಸೆಯ ದಾರಿ ಮುಚ್ಚಿ, ಅನಂತರ ‘ಪ್ರಕೃತಿ’ಯೆಂದು ಕೈತೊಳೆದುಕೊಂಡದ್ದು ಅಹಿಂಸೆಯಾಗದು. ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯ ಜೊತೆಗೆ ಪ್ರಮಾದವನ್ನೇ ಮೂಲವಾಗಿ ಹಿಡಿದಿದ್ದಾರೆ. ಹಾಲೆಂಡಿನಲ್ಲಿ ನಡೆದುದು ಪ್ರಮಾದದ ಹಿಂಸೆ.

ಕ್ರೂಗರ್‌ನಲ್ಲಿಯೂ ಇದೇ ಪ್ರಮಾದ ವಧೆಗೆ ಮೊದಲೇ ನಡೆದಿತ್ತು. ಬರಗಾಲದಲ್ಲಿ ಪ್ರಾಣಿಗಳು ಬಾಯಾರಬಾರದೆಂಬ ದಯೆಯಿಂದ, ಪ್ರವಾಸಿಗಳಿಗೆ ಪ್ರಾಣಿಗಳು ಕಾಣಬೇಕೆಂಬ ಆಸೆಯಿಂದಲೂ ಇರಬಹುದು, ಉದ್ಯಾನದಾದ್ಯಂತ 300ಕ್ಕೂ ಹೆಚ್ಚು ಕೊಳವೆಬಾವಿಗಳನ್ನೂ ಕೃತಕ ನೀರುಗುಂಡಿಗಳನ್ನೂ ನಿರ್ಮಿಸಲಾಯಿತು. ಪಶ್ಚಿಮ ಗಡಿಗೆ 1960ರ ಸುಮಾರಿಗೆ, ಪೂರ್ವ ಗಡಿಗೆ 1970ರ ದಶಕದಲ್ಲಿ ಬೇಲಿ ಬಿದ್ದಿತು. ನೀರು ಎಲ್ಲೆಡೆ ಸಿಕ್ಕಿದ್ದರಿಂದ ಆನೆಗಳು ಋತುವಿಗನುಸಾರ ಜಾಗ ಬದಲಿಸುವುದು ಕಡಿಮೆಯಾಯಿತು. ಒಂದೇ ಕಡೆಯ ಮರಗಳಿಗೆ ವರ್ಷವಿಡೀ ವಿರಾಮವಿಲ್ಲದಾಯಿತು. ಮರಿಗಳು ಹೆಚ್ಚು ಬದುಕಿದವು. ಬೇಲಿ ಹಾಕಿ, ನೀರೆರೆದು, ಸಂಖ್ಯೆಯನ್ನು ಬೆಳೆಸಿದವರೇ ಅನಂತರ ಸಂಖ್ಯೆ ಹೆಚ್ಚಾಯಿತೆಂದು ಬಂದೂಕು ಎತ್ತಿದರು. ವಿವೇಕವಿಲ್ಲದ ದಯೆ ಹಿಂಸೆಗೆ ಹಾದಿ ಮಾಡಿಕೊಟ್ಟಿತು.

ತಪ್ಪು ತಿಳಿದ ಮೇಲೆ 1990ರ ದಶಕದಿಂದ ಅನೇಕ ಕೃತಕ ನೀರುಗುಂಡಿಗಳನ್ನು ಮುಚ್ಚಲಾಯಿತು. 2002ರಲ್ಲಿ ಮೊಜಾಂಬಿಕ್ ಮತ್ತು ಜಿಂಬಾಬ್ವೆಗಳೊಡನೆ ಗಡಿಯಾಚೆಗೂ ವ್ಯಾಪಿಸುವ ಉದ್ಯಾನದ ಒಪ್ಪಂದವಾಗಿ ಪೂರ್ವದ ಬೇಲಿಯ ಭಾಗಗಳನ್ನು ತೆಗೆಯಲಾಯಿತು. ಆನೆಗಳ ಸಂಖ್ಯೆ 2015ರ ವೇಳೆಗೆ 17,000ದ ಆಸುಪಾಸಿಗೆ ಬಂದಿತ್ತು. ಆದರೆ ಬೆಳವಣಿಗೆಯ ವೇಗ ಕುಗ್ಗಿತ್ತು. 7,000ವೆಂಬ ಮಿತಿಯನ್ನು ಎರಡು ಪಟ್ಟು ಮೀರಿದ ಬಳಿಕವೂ ಕ್ರೂಗರ್ ಮರುಭೂಮಿಯಾಗಲಿಲ್ಲ. ಹೆಮ್ಮರಗಳ ಚಿಂತೆ ನಿಜವಾಗಿಯೇ ಉಳಿದಿದೆ. ಆದರೆ 14,000 ಜೀವಗಳನ್ನು ಬಲಿ ಪಡೆದ ಆ ಅಂಕಿಯ ಅನಿವಾರ್ಯತೆ ಸುಳ್ಳಾಯಿತು.

ಬದಲಿ ಮಾರ್ಗಗಳಲ್ಲಿ ಸಂತಾನನಿಯಂತ್ರಣದ ಲಸಿಕೆಯೂ ಒಂದು. 1990ರ ದಶಕದಲ್ಲಿ ಕ್ರೂಗರ್‌ನಲ್ಲಿ ಪರೀಕ್ಷೆಗೊಂಡು, 2000ದಿಂದ ಮಕಲಾಲಿ ಎಂಬ ಸಣ್ಣ ಮೀಸಲಿನಲ್ಲಿ ಬಳಕೆಗೆ ಬಂದ ಇದು ಪರಿಣಾಮಕಾರಿಯೆಂದು ಕಂಡಿದೆ. ಆದರೆ ಈ ಲಸಿಕೆಯ ಮೂಲದ್ರವ್ಯವನ್ನು ಹಂದಿಗಳ ಅಂಡಾಶಯದಿಂದ ತೆಗೆಯಲಾಗುತ್ತದೆ. ವಧೆಯನ್ನು ತಪ್ಪಿಸುವ ಉಪಾಯದೊಳಗೂ ವಧೆಯ ನೆರಳಿದೆಯೆಂಬುದನ್ನು ಮರೆಯದಿರುವುದೇ ಜಾಗರೂಕತೆ.

ಗ್ರಂಥವೊಂದರ ಕೊರತೆ

2008ರ ನಿಯಮಾವಳಿಯ ಕಾಲದಲ್ಲಿಯೇ ಶೋಲ್ಸ್ ಮತ್ತು ಮೆನೆಲ್ ಅವರ ಸಂಪಾದಕತ್ವದಲ್ಲಿ ದಕ್ಷಿಣ ಆಫ್ರಿಕದ ಆನೆ ನಿರ್ವಹಣೆಯ ವೈಜ್ಞಾನಿಕ ಮೌಲ್ಯಮಾಪನ ಗ್ರಂಥವೊಂದು ಪ್ರಕಟವಾಯಿತು. ಅನೇಕ ವಿದ್ವಾಂಸರ ಪರಿಶ್ರಮದ ಫಲವಾದ ಈ ಗ್ರಂಥದ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ತಿಳಿದುದನ್ನೂ ತಿಳಿಯದುದನ್ನೂ ಅದು ಬೇರ್ಪಡಿಸಿ ಹೇಳುತ್ತದೆ. ಆದರೆ ಅದರ ರಚನೆಯಲ್ಲಿಯೇ ಒಂದು ಕೊರತೆಯಿದೆ. ಸ್ಥಳಾಂತರ, ಸಂತಾನನಿಯಂತ್ರಣ, ವಧೆ ಇವುಗಳಿಗೆ ಒಂದೊಂದು ಅಧ್ಯಾಯವಿರುವಂತೆ ನೀತಿಗೂ ಒಂದು ಪ್ರತ್ಯೇಕ ಅಧ್ಯಾಯವಿದೆ. ನೀತಿಯು ಹಲವು ವಿಷಯಗಳಲ್ಲಿ ಒಂದಾಗಿ, ಉಪಾಯಗಳ ಸಾಲಿನಲ್ಲಿ ಬಂದು ನಿಲ್ಲುತ್ತದೆ. ಜೈನ ದೃಷ್ಟಿಯಲ್ಲಿ ನೀತಿಯ ಸ್ಥಾನ ಮೊದಲಿನದು. ಉದ್ಯಾನಕ್ಕೆ ಬೇಲಿ ಹಾಕುವ ದಿನ, ಬಾವಿ ತೋಡುವ ದಿನ ಕೇಳಬೇಕಾದ ಪ್ರಶ್ನೆಯನ್ನು ಬಂದೂಕು ಎತ್ತುವ ದಿನ ಕೇಳಿದರೆ, ಉತ್ತರಗಳೆಲ್ಲ ಹಿಂಸೆಯ ಪ್ರಮಾಣವನ್ನು ಕುರಿತವೇ ಆಗುತ್ತವೆ.

ಕರ್ನಾಟಕದ ಹೊಣೆ

ಭಾರತದಲ್ಲಿ ಆನೆಯ ಸಾಮೂಹಿಕ ವಧೆಗೆ ಅವಕಾಶವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಆನೆಗೆ ಮೊದಲನೆಯ ಅನುಸೂಚಿಯ ರಕ್ಷಣೆ ಕೊಟ್ಟಿದೆ. ಆದರೂ ವಿವಾದ ದೂರದ್ದಲ್ಲ. ಬಿಹಾರದಲ್ಲಿ ಬೆಳೆಹಾನಿಯ ಕಾರಣಕ್ಕೆ ನೀಲಗಾಯಿಯನ್ನು ಉಪದ್ರವಕಾರಿಯೆಂದು ಸಾರಿ, 2016ರ ಜೂನ್‌ನಲ್ಲಿ ಮೊಕಾಮಾ ಪ್ರದೇಶದಲ್ಲಿ 200ಕ್ಕೂ ಹೆಚ್ಚು ನೀಲಗಾಯಿಗಳನ್ನು ಗುಂಡಿಟ್ಟು ಕೊಲ್ಲಲಾಯಿತು. 2023ರ ಗಣತಿಯಂತೆ ಕರ್ನಾಟಕದಲ್ಲಿ 6,395 ಆನೆಗಳಿದ್ದವು. ದೇಶದ ಬೇರಾವ ರಾಜ್ಯದಲ್ಲಿಯೂ ಇಷ್ಟಿಲ್ಲ. ಹಾಸನ, ಕೊಡಗು, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ತೋಟಕ್ಕೆ ಹೋದ ಕೂಲಿಕಾರರು ಆನೆಯ ತುಳಿತಕ್ಕೆ ಸಿಕ್ಕಿ ಸಾಯುವುದು ಮತ್ತೆ ಮತ್ತೆ ಬರುವ ಸುದ್ದಿ. ಆ ಮನೆಗಳ ಮುಂದೆ ನಿಂತು ಜೀವದಯೆಯ ಉಪನ್ಯಾಸ ಮಾಡುವುದು ನಿರ್ದಯತೆಯಾಗುತ್ತದೆ.

ಉಚ್ಚ ನ್ಯಾಯಾಲಯದ ನಿರ್ದೇಶನದಂತೆ ರಚಿತವಾಗಿ ಪ್ರೊ. ರಾಮನ್ ಸುಕುಮಾರ್ ಅವರ ಅಧ್ಯಕ್ಷತೆಯಲ್ಲಿ 2012ರಲ್ಲಿ ವರದಿ ನೀಡಿದ ಕರ್ನಾಟಕ ಆನೆ ಕಾರ್ಯಪಡೆಯು ರಾಜ್ಯದ ಆನೆ ನೆಲೆಗಳನ್ನು ಸಂರಕ್ಷಣೆ, ಸಹಬಾಳ್ವೆ ಮತ್ತು ತೆರವು ಎಂಬ ಮೂರು ವಲಯಗಳಾಗಿ ವಿಂಗಡಿಸಿತು. ತೆರವೆಂದರೆ ಇಲ್ಲಿ ಸೆರೆ. ಸೆರೆಯೂ ಹಿಂಸಾರಹಿತವಲ್ಲ. ಎಂಟು ದಸರಾಗಳಲ್ಲಿ ಚಿನ್ನದ ಅಂಬಾರಿ ಹೊತ್ತ ಅರ್ಜುನನು 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನಲ್ಲಿ ಕಾಡಾನೆ ಸೆರೆಯ ಕಾರ್ಯಾಚರಣೆಯಲ್ಲಿ ಕಾಡಾನೆಯೊಡನೆ ಹೋರಾಡಿ ಸತ್ತನು. ಮನುಷ್ಯರ ಇಕ್ಕಟ್ಟನ್ನು ಬಿಡಿಸಲು ಆನೆಯನ್ನೇ ಆನೆಯ ಎದುರು ನಿಲ್ಲಿಸಲಾಗಿತ್ತು. ಆದರೂ ಕೊಲ್ಲುವುದಕ್ಕೂ ಸೆರೆಗೂ ನಡುವೆ, ಸಂಕಲ್ಪೀ ಹಿಂಸೆಗೂ ವಿರೋಧೀ ಹಿಂಸೆಗೂ ನಡುವೆ ಶ್ರಾವಕಾಚಾರ ಗುರುತಿಸುವ ಅಂತರವಿದೆ. ಮನೆಯ ಮುಂದೆ ಬಂದ ಆನೆಯಿಂದ ಮಗುವನ್ನು ರಕ್ಷಿಸಿಕೊಳ್ಳುವವನು ಮತ್ತು ಕಚೇರಿಯಲ್ಲಿ ಕುಳಿತು ವಾರ್ಷಿಕ ವಧೆಯ ಸಂಖ್ಯೆ ಬರೆಯುವವನು ಒಂದೇ ತಕ್ಕಡಿಯಲ್ಲಿ ತೂಗತಕ್ಕವರಲ್ಲ.

ಕೃತ, ಕಾರಿತ, ಅನುಮೋದನ ಎಂಬ ಮೂರು ಬಗೆಗಳಲ್ಲಿ ಹಿಂಸೆ ಅಂಟುತ್ತದೆಂದು ಒಪ್ಪಿದ ಸಮಾಜಕ್ಕೆ ಇಲ್ಲಿ ಆತ್ಮಪರೀಕ್ಷೆಯ ಅವಕಾಶವಿದೆ. ಆನೆಯ ದಾರಿಗೆ ಅಡ್ಡವಾಗಿ ಎದ್ದ ವಿಹಾರಧಾಮಗಳು, ತಂತಿಬೇಲಿಯ ತೋಟಗಳು ಯಾರ ಬಂಡವಾಳದಿಂದ ನಡೆಯುತ್ತವೆ? ಜೀವದಯೆಯ ಹೆಸರಿನ ದಾನಗಳು ಕ್ರೂಗರ್‌ನ ಕೊಳವೆಬಾವಿಗಳಂತೆ ಆಗುತ್ತಿಲ್ಲವೆ? 2025ರಲ್ಲಿ ಮುಂಬಯಿಯ ಕಬೂತರ್‌ಖಾನೆಗಳನ್ನು ನಗರಪಾಲಿಕೆ ಮುಚ್ಚಿದಾಗ ಜೈನ ಸಮಾಜದಿಂದ ತೀವ್ರ ಪ್ರತಿಭಟನೆ ನಡೆಯಿತು. ಹಕ್ಕಿಗಳಿಗೆ ಕಾಳು ಹಾಕುವುದರ ಹಿಂದಿನ ಭಾವ ಪವಿತ್ರವಾದುದೇ. ಆದರೆ ಒಂದೇ ಕಡೆ ಸಾವಿರಾರು ಹಕ್ಕಿಗಳು ಬೆಳೆಯುವಂತೆ ಮಾಡಿ, ಅವುಗಳ ಮುಂದಿನ ಗತಿಯನ್ನೂ ನೆರೆಯವರ ಆರೋಗ್ಯವನ್ನೂ ಯೋಚಿಸದಿದ್ದರೆ, ಒಂದು ದಿನ ಬೇರಾರೋ ಅವುಗಳನ್ನು ‘ಹೆಚ್ಚುವರಿ’ ಎಂದು ಕರೆಯುತ್ತಾರೆ. ಆ ಮಾತಿಗೆ ಅವಕಾಶ ಕೊಟ್ಟವರ ಪಾಲು ಅದರಲ್ಲಿ ಇರುತ್ತದೆ.

ಬಸದಿಗಳ ಟ್ರಸ್ಟುಗಳು ಮಾಡಬಹುದಾದ ಕಾರ್ಯಗಳು ಸ್ಪಷ್ಟವಾಗಿವೆ. ಚಾಮರಾಜನಗರ ಜಿಲ್ಲೆಯ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಆನೆದಾರಿಯಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಸಂಸ್ಥೆ ರೈತರ ಒಪ್ಪಿಗೆಯಿಂದ ಜಮೀನು ಖರೀದಿಸಿ ಅರಣ್ಯ ಇಲಾಖೆಗೆ ಒಪ್ಪಿಸಿದ ನಿದರ್ಶನ ಕಣ್ಣಮುಂದಿದೆ. ಜೀವದಯಾ ನಿಧಿಯ ಒಂದು ಪಾಲು ಇಂತಹ ದಾರಿಗಳಿಗೆ, ಕಾಡಂಚಿನ ಬಡ ರೈತನ ಬೆಳೆ ಪರಿಹಾರ ತಡವಾದಾಗ ಕೈಗಡಕ್ಕೆ, ಆನೆಯಿಂದ ಯಜಮಾನನನ್ನು ಕಳೆದುಕೊಂಡ ಮನೆಯ ಮಕ್ಕಳ ವಿದ್ಯೆಗೆ ಸಲ್ಲಬಹುದು. ರೈತನ ಸಹನೆ ಉಳಿದಷ್ಟು ಕಾಲ ಮಾತ್ರ ಆನೆಯ ಪ್ರಾಣ ಉಳಿಯುತ್ತದೆ. ಆ ಸಹನೆಯ ಬೆಲೆಯನ್ನು ಅವನೊಬ್ಬನೇ ತೆರಬೇಕೆಂದು ಬಯಸುವುದು ನ್ಯಾಯವಲ್ಲ.

ನಾಲ್ಕು ದಾನಗಳಲ್ಲಿ ಅಭಯದಾನವನ್ನು ಶ್ರೇಷ್ಠವೆಂದು ಶ್ರಾವಕರು ಎಣಿಸುತ್ತಾರೆ. ಕನ್ನಡದಲ್ಲಿ ವನ್ಯಧಾಮಕ್ಕೆ ಅಭಯಾರಣ್ಯವೆಂಬ ಹೆಸರೂ ರೂಢಿಯಲ್ಲಿದೆ. ದಾನವಾಗಿ ಕೊಟ್ಟ ಅಭಯವನ್ನು ಸಂಖ್ಯೆ ಹೆಚ್ಚಾಯಿತೆಂದು ಹಿಂದಕ್ಕೆ ಪಡೆಯಲು ಬರುವುದಿಲ್ಲ. ಅದನ್ನು ಉಳಿಸಿಕೊಡಲು ನೆಲವನ್ನೂ ಹಣವನ್ನೂ ಬಿಟ್ಟುಕೊಡುವ ಸಿದ್ಧತೆಯಿದ್ದಾಗಲೇ ಹಸ್ತಿತಾಪಸರಿಗೆ ಆರ್ದ್ರಕನು ಕೊಟ್ಟ ಉತ್ತರವನ್ನು ಇಂದು ಪುನಃ ಹೇಳುವ ಅಧಿಕಾರ ಸಮಾಜಕ್ಕೆ ಬರುತ್ತದೆ.